ಹೊಡಿ, ಬ್ಯಾಡ

ನಮ್ಮ ಮನೆಯಲ್ಲಿ ಕಾರನ್ನು ಯಾರೂ ಓಡಿಸುತ್ತಿರಲಿಲ್ಲ, ಹೊಡೆಯುತ್ತಿದ್ದರು. ಅಪ್ಪ ಫೋನ್ ಹೊಡೆಯುತ್ತಿದ್ದ, ಹರಟೆ ಹೊಡೆಯುತ್ತಿದ್ದ, ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ಅಮ್ಮನನ್ನೂ ಹೊಡೆಯುತ್ತಿದ್ದ. ಸುರಪುರದ ಕಡೆಯ ಅವನ ಕನ್ನಡಕ್ಕೆ ಇಷ್ಟೆಲ್ಲಕ್ಕೂ ಒಂದೇ ಕ್ರಿಯಾಪದ ಸಾಕಾಗುತ್ತಿತ್ತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅಮ್ಮ ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ ನಗುತ್ತಿದ್ದಳಂತೆ.

“ಕಾರನ್ನ ಯಾರಾದ್ರೂ ಹೊಡೀತಾರೇನ್ರೀ? ಅದೇನು ಎತ್ತಾ? ಡ್ರೈವ್ ಮಾಡ್ತಾರೆ.”

“ಹಂಗಾರ ನೀ ಡ್ರೈವ್ ಮಾಡು. ನಾ ಹೊಡೀತೀನಿ.”

ಅಮ್ಮ ಡ್ರೈವ್ ಮಾಡಲಿಲ್ಲ. ಲೈಸೆನ್ಸ್ ತೆಗೆದುಕೊಂಡಿದ್ದಳು, ನಿಜ. ಆದರೆ ಸ್ಯಾನ್ ಡಿಯೆಗೋದ ನಮ್ಮ ಬಾಡಿಗೆ ಮನೆಯಿಂದ ದಿನಸಿ ಅಂಗಡಿಗೆ, ಅಂಗಡಿಯಿಂದ ಮನೆಗೆ, ಅಷ್ಟೇ ಅವಳ ಪ್ರಪಂಚ. ಫ್ರೀವೇ ಎಂದರೆ ಅಂಗೈ ಬೆವರುತ್ತಿತ್ತು. ಆ ಹೆದ್ದಾರಿಗೆ ಏರುವ ರ‍್ಯಾಂಪಿನ ತುದಿಯಲ್ಲಿ ನಿಂತು, ಹಿಂದಿನವರು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಗುವವರೆಗೂ ಕಾಯುತ್ತಿದ್ದಳು ಎಂದು ಅಪ್ಪ ಬಂದವರೆದುರು ಅಭಿನಯಿಸಿ ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ನನಗೆ ಮಾತ್ರ ಆ ನಗು ಕಂಡರೆ ಮೈ ಉರಿಯುತ್ತಿತ್ತು.

ಆ ಮನೆಗೆ ಎರಡು ಒಲೆ. ಒಳಗಿನದು ಅಮ್ಮನದು, ಅಲ್ಲಿಗೆ ಮೊಟ್ಟೆಗೂ ಪ್ರವೇಶವಿರಲಿಲ್ಲ. ಇನ್ನೊಂದು ಗ್ಯಾರೇಜಿನಲ್ಲಿ ಅಪ್ಪ ಗ್ಯಾಸ್ ಸಿಲಿಂಡರಿಗೆ ಜೋಡಿಸಿಕೊಂಡ ಒಂಟಿ ಒಲೆ, ಅದರ ಮೇಲೆ ಕಬ್ಬಿಣದ ಹಂಚು, ಪಕ್ಕದಲ್ಲಿ ಹೆಣದ ಪೆಟ್ಟಿಗೆಯಷ್ಟು ಉದ್ದದ ಫ್ರೀಝರ್. ಎರಡು ಒಲೆಗಳ ನಡುವೆ ಒಂದು ಬಾಗಿಲು. ಎರಡೂ ಕಡೆ ಉಣ್ಣುವವಳು ನಾನೊಬ್ಬಳೇ. ಅಲ್ಲಿ ಉಂಡು ಇಲ್ಲಿಗೆ ಬರುವಾಗ ಬಾಯಿ ಮುಕ್ಕಳಿಸಬೇಕು, ಕಾಲು ತೊಳೆಯಬೇಕು, ಇಲ್ಲಿ ಉಂಡು ಅಲ್ಲಿಗೆ ಹೋದರೆ ಅಪ್ಪ “ಏನ್ ಯವ್ವಾ, ಹುಲ್ ತಿಂದ್ ಬಂದ್ಯಾ?” ಎನ್ನುತ್ತಿದ್ದ. ಮಗಳನ್ನು ‘ಯವ್ವಾ’ ಎಂದು ಕರೆಯುವ ಆ ದನಿಯಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ಅದೇ ಬಾಯಿ ಗೋಡೆಯಾಚೆ ಅಮ್ಮನಿಗೆ ಬೈಯುವುದು ಕೇಳಿದಾಗ ಮನೆಯಲ್ಲಿ ಇಬ್ಬರು ಗಂಡಸರಿದ್ದಾರೆ ಅನ್ನಿಸುತ್ತಿತ್ತು.

ನಿಜಕ್ಕೂ ಇಬ್ಬರು ಗಂಡಸರಿದ್ದರು. ಎರಡನೆಯವನು ಕಾಕಾ, ಅಪ್ಪನ ತಮ್ಮ. ಲಾಸ್ ಏಂಜಲೀಸಿನ ಬಂದರಿನ ಹತ್ತಿರ, ಸ್ಯಾನ್ ಪೀಡ್ರೊದ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಅವನ ಕೆಲಸ. ಮದುವೆಯಾಗಿರಲಿಲ್ಲ. ವಾರಾಂತ್ಯಕ್ಕೆ ದಾರಿಯಲ್ಲಿ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಿಂದ ಜೋಳದ ಹಿಟ್ಟು ಹೊತ್ತುಕೊಂಡು ಬಂದು, ಗ್ಯಾರೇಜಿನಲ್ಲಿ ಚಟಪಟನೆ ರೊಟ್ಟಿ ಬಡಿದು, ಮೊದಲನೆಯದನ್ನು ಅಮ್ಮನಿಗೆಂದೇ ತೊಳೆದ ತಟ್ಟೆಯಲ್ಲಿಟ್ಟು ಒಳಗೆ ಕಳಿಸುತ್ತಿದ್ದ. ರೋಗ ಬಂದು ಊರೆಲ್ಲ ಬಾಗಿಲು ಹಾಕಿಕೊಂಡ ವರ್ಷ ಅವನು ಲ್ಯಾಪ್‌ಟಾಪ್ ಸಮೇತ ನಮ್ಮ ಮನೆಯಲ್ಲೇ ಉಳಿದ. ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯ ಲ್ಯಾಬಿಗೆ ಹೋಗುತ್ತಿದ್ದ ಅಪ್ಪನಿಗೂ ಅರ್ಧ ವಾರ ಮನೆಯೇ ಗತಿ. ಹದಿಮೂರರ ನನಗೆ ಶಾಲೆ ಎಂಬುದು ಊಟದ ಮೇಜಿನ ಮೇಲಿನ ಒಂದು ಪರದೆ. ಹೊರಗೆ ಕಾಡು ಹತ್ತಿ ಉರಿಯುತ್ತಿತ್ತು, ಕಾರಿನ ಮೇಲೆ ಬೂದಿ ಉದುರುತ್ತಿತ್ತು. ಒಳಗೆ ಅಪ್ಪ ಉರಿಯುತ್ತಿದ್ದ.

ಇಲ್ಲಿ ಒಂದು ಮಾತಿನ ವಿಷಯ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅಪ್ಪನವರು ಬೇಡರು, ತಲೆತಲಾಂತರದಿಂದ ಬೇಟೆಗಾರರು. ಅವರ ಬಾಯಲ್ಲಿ ಅದು ‘ಬ್ಯಾಡ’. ಅಪ್ಪ ಅದನ್ನು ಎದೆ ಉಬ್ಬಿಸಿಯೇ ಹೇಳುತ್ತಿದ್ದ. ನನಗೂ ಆ ಹೆಮ್ಮೆ ಇದೆ, ಈಗಲೂ ಇದೆ. ಆದರೆ ಅದೇ ಬಾಯಲ್ಲಿ ‘ಬೇಡ’ ಎಂಬ ನಿರಾಕರಣೆಯೂ ‘ಬ್ಯಾಡ’ವೇ. ಅವರ ಊರಿನಲ್ಲಿ ಪೊದೆಯಿಂದ ಮೃಗ ಎದ್ದಾಗ ಹಿರಿಯರು “ಹೊಡಿ, ಬ್ಯಾಡಾ!” ಎಂದು ಕೂಗಿ ಹುರಿದುಂಬಿಸುತ್ತಿದ್ದರಂತೆ. ನಡುವೆ ಒಂದು ಉಸಿರಿನಷ್ಟು ತಡೆದು ಕೂಗಿದರೆ ‘ಹೊಡಿ, ಬೇಟೆಗಾರನೇ’ ಎಂದು. ತಡೆಯದೆ ಒಂದೇ ಉಸಿರಿಗೆ ಕೂಗಿದರೆ ‘ಹೊಡೆಯಬೇಡ’ ಎಂದು. ಕಾಕಾ ಇದನ್ನು ಮನೆಯೊಳಗಿನ ಉಪಾಯ ಮಾಡಿಕೊಂಡಿದ್ದ. ಅಪ್ಪ ಅಮ್ಮನ ಮೇಲೆ ಕೈ ಎತ್ತಿದ ಕೂಡಲೇ ಗ್ಯಾರೇಜಿನ ಬಾಗಿಲಿನಿಂದ “ಹೊಡಿ... ಬ್ಯಾಡಾ!” ಎಂದು ಊರ ಹಿರಿಯರ ದನಿಯಲ್ಲಿ ಕೂಗುತ್ತಿದ್ದ. ಅಪ್ಪನಿಗೆ ನಗು ಬರುತ್ತಿತ್ತು. ಎತ್ತಿದ ಕೈ ತಲೆ ಕೆರೆದುಕೊಂಡು ಇಳಿಯುತ್ತಿತ್ತು. ಅಮ್ಮನ “ಹೊಡೀಬೇಡಿ”ಯಿಂದ ಯಾವತ್ತೂ ಆಗದ ಕೆಲಸ ಅದು.

“ಇದೆಲ್ಲ ನಿಮ್ಗೆ ತಮಾಷೆನಾ?” ಎಂದು ಅಮ್ಮ ಒಮ್ಮೆ ಕಾಕಾನನ್ನು ಕೇಳಿದಳು.

“ತಮಾಷಿ ಅಲ್ರೀ ವೈನಿ. ಸಿಟ್ಟಿನ ಮನಷಾಗ ಬುದ್ಧಿ ಹೇಳಿದ್ರ ಸಿಟ್ಟು ಹೋಗೂದಿಲ್ಲ, ನಗಿಸಿದ್ರ ಹೋಗ್ತದ.”

ಆ ಬೇಸಿಗೆಯಲ್ಲಿ ಅಪ್ಪ ಬಂದೂಕು ಕೊಂಡ. ಪರೀಕ್ಷೆ ಬರೆದ, ಒಂದು ಜಿಂಕೆ ಹೊಡೆಯುವ ಪರವಾನಗಿಯಾದ ಟ್ಯಾಗಿಗೆ ಅಪ್ಲೈ ಮಾಡಿದ, ಎಲ್ಲ ಕಾನೂನು ಪ್ರಕಾರ. ಬೆಂಕಿಯ ಭಯಕ್ಕೆ ಮುಚ್ಚಿದ ಕಾಡು ತೆರೆಯುವುದನ್ನೇ ಕಾದು ಅಪ್ಪ, ಕಾಕಾ, ನಾನು ಮೂವರೂ ಬೆಟ್ಟ ತಿರುಗಿದೆವು. ಮೊದಲು ಲಾಸ್ ಏಂಜಲೀಸಿನ ಹಿಂದಿನ ಸ್ಯಾನ್ ಗೇಬ್ರಿಯಲ್ ಬೆಟ್ಟಗಳಲ್ಲಿ. ಅಲ್ಲಿ ಜಾರುವ ಕಲ್ಲುರಾಶಿಯ ಮೇಲೆ ನಾನು ಬಿದ್ದು ಮೊಣಕಾಲಿನ ಚರ್ಮ ಕಿತ್ತುಬಂದಾಗ ಅಪ್ಪ ಸಮಾಧಾನ ಮಾಡಲಿಲ್ಲ, “ಏಳು, ರಕ್ತ ಬಂದ್ರ ಕಾಲಿಗೆ ನೆಲ ಪರಿಚಯ ಆಯ್ತಂತ” ಎಂದ. ಎದ್ದೆ. ಎದ್ದುದಕ್ಕೆ ಅವನು ಬೆನ್ನು ತಟ್ಟಿದ. ಆ ಒಂದು ತಟ್ಟಿಗಾಗಿ ಇನ್ನೊಂದು ಮೊಣಕಾಲನ್ನೂ ಕೆತ್ತಿಕೊಳ್ಳಲು ನಾನು ತಯಾರಿದ್ದೆ. ಅಪ್ಪನ ಕೈ ನನಗೆ ಬೇಕಿತ್ತು, ಅದೇ ಕೈಗೆ ಹೆದರಿ ಸಾಯುತ್ತಲೂ ಇದ್ದೆ. ನನ್ನ ಪ್ರಶ್ನೆ ಒಂದೇ: ಆ ಕೈಯಲ್ಲಿ ಈಗ ಬಂದೂಕೂ ಇದೆಯಲ್ಲ, ಅದು ಎದ್ದಾಗ ಇಳಿಸುವವರು ಯಾರು?

ಆಯುಧ ಪೂಜೆಯ ದಿನ ಉತ್ತರದ ಒಂದು ತುಣುಕು ಸಿಕ್ಕಿತು. ಅಮ್ಮ ಊಟದ ಮೇಜಿನ ಮೇಲೆ ಮಿಕ್ಸಿ, ನನ್ನ ಲ್ಯಾಪ್‌ಟಾಪ್, ಕಾರಿನ ಕೀ, ಈಳಿಗೆಮಣೆ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಅಪ್ಪ ಸ್ನಾನ ಮಾಡಿ, ಧೋತರ ಉಟ್ಟು, ಬಂದೂಕನ್ನು ಎರಡೂ ಕೈಯಲ್ಲಿ ಕೂಸಿನ ಹಾಗೆ ಎತ್ತಿಕೊಂಡು ಬಂದು ಮಿಕ್ಸಿಯ ಪಕ್ಕ ಮಲಗಿಸಿದ.

“ಇದಕ್ಕೂ ಹಚ್ಚು.”

“ಇದು ಒಳಗೆ ಬರಬಾರ್ದು ಅಂತ ಮಾತಾಗಿತ್ತಲ್ರೀ.”

“ಆಯುಧ ಪೂಜಿಗೆ ಆಯುಧ ಬ್ಯಾಡಂದ್ರ, ಮಿಕ್ಸಿ ಪೂಜಿ ಅನ್ನು ಇದಕ್ಕ.”

ಕಾಕಾ ನಕ್ಕ. ನನಗೂ ನಗು ಬಂತು, ಒಳ್ಳೆಯ ಮಾತೇ ಅದು. ಅಮ್ಮ ಮಾತ್ರ ನಗದೆ, ಬಂದೂಕನ್ನು ದಾಟಿ ಈಳಿಗೆಮಣೆಗೆ ಕುಂಕುಮ ಹಚ್ಚಿದಳು. ಅಪ್ಪನ ಕೈ ಎದ್ದಿತು. “ಹೊಡೀಬೇಡಿ,” ಎಂದಳು ಅಮ್ಮ. “ಹೊಡಿ... ಬ್ಯಾಡಾ!” ಎಂದು ಕಾಕಾ ಬಾಗಿಲಿನಿಂದ ಕೂಗಿದ. ಅಪ್ಪ ನಗಲಿಲ್ಲ. ಹಿರಿಯರ ಅಪ್ಪಣೆ ಸಿಕ್ಕಿತೋ ಎಂಬಂತೆ ಹೊಡೆದ. ಕುಂಕುಮದ ಬಟ್ಟಲು ಹಾರಿ ಗೋಡೆಗೆ ಬಡಿಯಿತು, ಅಮ್ಮ ಮೇಜಿನ ಅಂಚಿಗೆ ಬಿದ್ದಳು, ತುಟಿ ಸೀಳಿತು. ಬಿಳಿಯ ಕಾರ್ಪೆಟ್ಟಿನ ಮೇಲೆ ಕುಂಕುಮ ಯಾವುದು ರಕ್ತ ಯಾವುದು ತಿಳಿಯುತ್ತಿರಲಿಲ್ಲ. ಅಪ್ಪ ಬಗ್ಗಿ, ಬೆರಳಿಗೆ ಸಿಕ್ಕಿದ ಕೆಂಪನ್ನು ತೆಗೆದು ತಾನೇ ಬಂದೂಕಿಗೆ ಹಚ್ಚಿದ. ನಾನು ಅಮ್ಮನ ಬಾಯಿಗೆ ಐಸ್ ಹಿಡಿದುಕೊಂಡು ಕೂತೆ. ಕಾಕಾ ಬಾಗಿಲಲ್ಲೇ ನಿಂತಿದ್ದ, ಹಿಟ್ಟು ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ. ಆ ದಿನದ ನಂತರ ಅವನು ಆ ತಮಾಷೆಯನ್ನು ಮತ್ತೆ ಮಾಡಲಿಲ್ಲ. ಇದನ್ನು ಮರೆಯಬಾರದು.

ಬೇಟೆಯ ದಿನ ಬಂತು. ಸ್ಯಾನ್ ಡಿಯೆಗೋದ ಪೂರ್ವಕ್ಕಿರುವ ಲಗೂನಾ ಬೆಟ್ಟಗಳಿಗೆ ಬೆಳಗಿನ ಜಾವವೇ ಹೊರಟೆವು. ನನ್ನ ಕೈಯಲ್ಲಿ ಬಂದೂಕಿಲ್ಲ, ದುರ್ಬೀನು ಮತ್ತು ರೊಟ್ಟಿಯ ಗಂಟು ಮಾತ್ರ. ಕಾರು ಊರು ದಾಟಿದ ಮೇಲೆ ಕಾಕಾ ಬಾಯಿ ತೆರೆದ.

“ಅಣ್ಣಾ, ಒಂದ್ ಮಾತು. ಸಿಟ್ಟಾಗಬ್ಯಾಡ. ಇನ್ನೊಂದ್ ಸಲ ವೈನಿ ಮ್ಯಾಲ ಕೈ ಎತ್ತಿದಂದ್ರ, ವೈನೀನೂ ಈ ಕೂಸಿನ್ನೂ ನಾ ಸ್ಯಾನ್ ಪೀಡ್ರೊಗ ಕರ್ಕೊಂಡ್ ಹೋಗ್ತೀನಿ.”

ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

“ಅಕಿನ್ನ ಕೇಳಿಯೇನು?”

“ಕೇಳೀನಿ.”

“ಏನಂದ್ಳು?”

“ಸುಮ್ನಿದ್ಳು.”

“ಸುಮ್ನಿದ್ಳಾ,” ಎಂದ ಅಪ್ಪ. ಕಾರು ಹೊಡೆದ. ಬೆಟ್ಟದ ತಿರುವುಗಳಲ್ಲಿ ಅಷ್ಟು ಜೋರಾಗಿ ಹೊಡೆದ ಎಂದರೆ ಹಿಂದಿನ ಸೀಟಿನಲ್ಲಿ ನನ್ನ ತಲೆ ಎರಡು ಬಾರಿ ಕಿಟಕಿಗೆ ಬಡಿಯಿತು.

ಬೆಳಿಗ್ಗೆ ಮರುಭೂಮಿಯ ಕಡೆಯಿಂದ ಬಿಸಿಗಾಳಿ. ಹಿಂದೆಂದೋ ಸುಟ್ಟ ಮರಗಳು ಕರ್ರಗೆ ನಿಂತಿದ್ದವು, ಅವುಗಳ ಕೆಳಗೆ ಎದೆಮಟ್ಟದ ಮುಳ್ಳುಪೊದೆ. ಕಾಕಾ ಟೀ ಶರ್ಟಿನ ಮೇಲೆ, ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ತೊಡುವ ಕಿತ್ತಳೆ ಬಣ್ಣದ ವೆಸ್ಟ್ ಹಾಕಿಕೊಂಡು ಬೆವರುತ್ತ ಹತ್ತಿದ. ಎದುರಿನ ಏರಿನಲ್ಲಿ ಕವಲುಕೊಂಬಿನ ಗಂಡುಜಿಂಕೆಯನ್ನು ಮೊದಲು ಕಂಡವಳು ನಾನು. ಅಪ್ಪನ ಭುಜ ಮುಟ್ಟಿ ತೋರಿಸಿದೆ. ಅವನು ಮಂಡಿಯೂರಿ ಗುಂಡು ಹಾರಿಸಿದ. ಜಿಂಕೆ ಬೀಳಲಿಲ್ಲ. ಹಿಂಗಾಲು ಮುರಿದು, ಕಾಲು ಬೇರೆಯವರದೇನೋ ಎಂಬಂತೆ ಎಳೆದುಕೊಂಡು, ಕೊರಕಲಿನೊಳಗೆ ಇಳಿದುಹೋಯಿತು. ಅದು ಕಿರುಚಿತು. ಜಿಂಕೆ ಕಿರುಚುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕಿವಿ ಮುಚ್ಚಿಕೊಂಡೆ.

“ಕಿವಿ ಬಿಡು,” ಎಂದ ಅಪ್ಪ. “ಗಾಯ ಮಾಡಿ ಬಿಟ್ ಹೋಗಾಂವ ಬ್ಯಾಡ ಅಲ್ಲ.”

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಮೋಡ ಏರಿ ಬಂತು. ಬಿಸಿಗಾಳಿಯನ್ನು ಯಾರೋ ಬಾಗಿಲು ಹಾಕಿ ನಿಲ್ಲಿಸಿದಂತಾಯಿತು. ಬೆವರಿದ್ದ ಬೆನ್ನು ಅಲ್ಲೇ ತಣ್ಣಗಾಯಿತು. ಮೊದಲು ಮಂಜು, ಹಿಂದೆಯೇ ಆಲಿಕಲ್ಲು. ಬಂಡೆಯ ಮೇಲೆ ಪುಟಿದು ಮುಖಕ್ಕೆ ಹೊಡೆಯುತ್ತಿತ್ತು. ನಾನು ವಾಪಸು ಹೋಗೋಣ ಎಂದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಗಾಯಗೊಂಡ ಪ್ರಾಣಿ ಕೊರಕಲಿನಲ್ಲಿತ್ತು. ಊರಿನಲ್ಲಿ ಮಾಡಿದ ಹಾಗೆಯೇ ಮಾಡುವುದೆಂದು ಅಪ್ಪ ತೀರ್ಮಾನಿಸಿದ.

“ನೀ ಕೆಳಗಿಂದ ಹೊಡ್ಕೊಂಡ್ ಬಾ. ನಾ ಮ್ಯಾಲ ಹೊಡೀತೀನಿ.”

ಕಾಕಾನ ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿದ್ದವು. ಅಪ್ಪ ತನ್ನ ದಪ್ಪ ಜಾಕೆಟ್ ಬಿಚ್ಚಿ ತಮ್ಮನಿಗೆ ತೊಡಿಸಿದ, ಜಿಪ್ಪನ್ನು ಗಂಟಲಿನವರೆಗೆ ತಾನೇ ಎಳೆದ, ಚಿಕ್ಕ ಮಗುವಿಗೆ ತೊಡಿಸುವ ಹಾಗೆ. ತಾನು ತೆಳು ಸ್ವೆಟರಿನಲ್ಲಿ ನಿಂತ. ಆ ಜಾಕೆಟ್ ಒಣಹುಲ್ಲಿನ ಕಂದುಬಣ್ಣದ್ದು. ಕಿತ್ತಳೆ ವೆಸ್ಟ್ ಅದರೊಳಗೆ ಮುಚ್ಚಿಹೋಯಿತು. ಮೂವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಕಾಕಾ ಇಳಿದು ಹೋದ. ಅಪ್ಪ ಬಂಡೆಗೆ ಒರಗಿ ಬಂದೂಕು ಹಿಡಿದ. ನಾನು ಅವನ ಎಡಗಡೆ, ಮೊಣಕೈ ತಾಗುವಷ್ಟು ಹತ್ತಿರ. ಮಂಜು ಸರಿಯುತ್ತಿತ್ತು, ಮುಚ್ಚುತ್ತಿತ್ತು. ಕೆಳಗೆ ಕಲ್ಲು ಉರುಳಿದ ಸದ್ದು, ಪೊದೆ ಅಲ್ಲಾಡಿದ ಸದ್ದು. ಮಂಜಿನೊಳಗೆ ಕಂದುಬಣ್ಣದ್ದು ಏನೋ ಬಾಗಿ ಬಾಗಿ ಏರಿ ಬರುತ್ತಿತ್ತು. ಅಪ್ಪನ ಭುಜ ಬಿಗಿಯಾಯಿತು. ಆಗ ಗಾಳಿಯ ಜೊತೆ ಆ ಕೂಗು ಬಂತು:

“ಹೊಡಿಬ್ಯಾಡಾ!”

ಗುಂಡು ಹಾರಿತು.

ಕಿರುಚಿದ್ದು ಜಿಂಕೆಯಲ್ಲ. ಅಪ್ಪ ಬಂದೂಕು ಬಿಸಾಡಿ ಬಂಡೆಗಳ ಮೇಲಿಂದ ಜಾರಿಕೊಂಡು, ಬಿದ್ದು, ಉರುಳಿ ಹೋದ. ನಾನು ಹಿಂದೆ. ಕಾಕಾ ಮಗ್ಗುಲಿಗೆ ಬಿದ್ದಿದ್ದ. ಎಡತೋಳು ಮೊಣಕೈಯ ಮೇಲೆ ಒಡೆದುಹೋಗಿತ್ತು, ಜಾಕೆಟ್ಟಿನ ಹರಿದ ಹತ್ತಿಯೊಳಗಿಂದ ಎಲುಬು ಬೆಳ್ಳಗೆ ಕಾಣುತ್ತಿತ್ತು. ಆಲಿಕಲ್ಲು ಬಿದ್ದಲ್ಲೇ ಕೆಂಪಾಗುತ್ತಿತ್ತು. ಅಪ್ಪ ಬೆಲ್ಟ್ ಬಿಚ್ಚಿ ತೋಳಿಗೆ ಬಿಗಿದ, ಮಂಡಿಯೂರಿ ಎಳೆದ, ಕಾಕಾ ಹಲ್ಲು ಕಚ್ಚಿ ಊಳಿಟ್ಟ. ಆಮೇಲೆ ಅವನ ಕಣ್ಣು ಮೇಲೆ ಸರಿಯತೊಡಗಿದವು. ಅಪ್ಪ ಅವನ ಕೆನ್ನೆಗೆ ಹೊಡೆದ. “ಕಣ್ ತಗಿ! ಕಣ್ ತಗಿಯೋ ಮಗನ!” ಮತ್ತೆ ಹೊಡೆದ. ಮತ್ತೆ.

“ಹೊಡೀಬ್ಯಾಡೋ ಅಣ್ಣಾ,” ಎಂದ ಕಾಕಾ, ಗಂಟಲಿನೊಳಗೇ.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅಪ್ಪ ಆ ಕೈಯನ್ನು ನೋಡಿದ. ಬಾಯಿ ತೆರೆದು ಅತ್ತ, ದನದ ಹಾಗೆ. ನಂತರ ತಮ್ಮನನ್ನು ಬೆನ್ನ ಮೇಲೆ ಹೊತ್ತುಕೊಂಡ. ಜಿಂಕೆ ಸ್ವಲ್ಪ ಕೆಳಗೆ, ಸತ್ತು ಬಿದ್ದಿತ್ತು. ಅದನ್ನು ದಾಟಿ ಹೋದೆವು. ಆಲಿಕಲ್ಲು ಮಳೆಯಾಯಿತು, ಮಳೆ ಮತ್ತೆ ಆಲಿಕಲ್ಲಾಯಿತು. ಅಪ್ಪ ಎಷ್ಟು ಸಲ ಮಂಡಿಯೂರಿ ಬಿದ್ದನೋ, ಒಮ್ಮೆಯೂ ತಮ್ಮನನ್ನು ನೆಲಕ್ಕೆ ತಾಗಿಸಲಿಲ್ಲ. ಹೆಣದಂತೆ ಬೆಳ್ಳಗಾದ ಕಾಕಾನ ಕೈ ನನ್ನ ಮುಖದ ಮುಂದೆ ತೂಗುತ್ತಿತ್ತು. ನಾನು ಅದನ್ನು ಹಿಡಿದುಕೊಂಡು ನಡೆದೆ. ಅಪ್ಪನನ್ನು ಅಷ್ಟು ಪ್ರೀತಿಸಿದ್ದು, ಅಷ್ಟು ದ್ವೇಷಿಸಿದ್ದು ಅದೇ ಮೊದಲು, ಎರಡೂ ಒಟ್ಟಿಗೆ.

ಕೆಳಗಿನ ಊರಿನ ಆಸ್ಪತ್ರೆಯಲ್ಲಿ ನಮ್ಮನ್ನು ಒಳಗೆ ಬಿಡಲಿಲ್ಲ, ರೋಗದ ಕಾಲ. ಕಾಕಾನನ್ನು ಸ್ಟ್ರೆಚರಿನ ಮೇಲೆ ಬಾಗಿಲಲ್ಲೇ ತೆಗೆದುಕೊಂಡರು. ಗುಂಡಿನ ಗಾಯವೆಂದು ಪೊಲೀಸರನ್ನು ಕರೆದಿದ್ದರು. ಮಾಸ್ಕ್ ಹಾಕಿಕೊಂಡ ಅಧಿಕಾರಿಯೊಬ್ಬ ಅಪ್ಪನನ್ನು ಮೊದಲು ಕೇಳಿದ. ತಮ್ಮ ‘ಶೂಟ್’ ಎಂದು ಕೂಗಿದ, ನಾನು ಜಿಂಕೆ ಎದ್ದಿತೆಂದುಕೊಂಡೆ ಎಂದ ಅಪ್ಪ, ಇಂಗ್ಲಿಷಿನಲ್ಲಿ. ಅಧಿಕಾರಿ ಸ್ಟ್ರೆಚರಿನ ಕಡೆ ತಿರುಗಿದ. ನೀನು ಏನೆಂದು ಕೂಗಿದೆ? ಕಾಕಾ ಅಣ್ಣನನ್ನು ನೋಡಿದ. ಸ್ವೆಟರಿನಿಂದ ನೀರು ಇಳಿಯುತ್ತಿತ್ತು, ಮಂಡಿಗಳು ಹರಿದು ರಕ್ತವಾಗಿದ್ದವು.

“ಶೂಟ್ ಅಂತ ನಾನೇ ಹೇಳಿದ್ದು,” ಎಂದ ಕಾಕಾ, ಇಂಗ್ಲಿಷಿನಲ್ಲಿ. “ತಪ್ಪು ನನ್ನದು.”

ಅವನನ್ನು ಒಳಗೆ ತಳ್ಳಿಕೊಂಡು ಹೋದರು. ಬೆಟ್ಟದಲ್ಲೇ ಬಿದ್ದಿದ್ದ ಬಂದೂಕನ್ನು ಪೊಲೀಸರು ಹೋಗಿ ತೆಗೆದುಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಕೇಳಿದವಳು ಅಮ್ಮ. ಮರುದಿನ ಬೆಳಿಗ್ಗೆ, ಅಡಿಗೆಮನೆಯಲ್ಲಿ, ಸಾರಿಗೆ ಒಗ್ಗರಣೆ ಹಾಕುತ್ತ. ತುಟಿಯ ಕಲೆ ಇನ್ನೂ ಮಾಸಿರಲಿಲ್ಲ. ಅಪ್ಪ ಗ್ಯಾರೇಜಿನಲ್ಲಿ ತಣ್ಣನೆಯ ಹಂಚಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದ, ರಾತ್ರಿಯಿಂದಲೂ.

“ನಿನ್ ಕಾಕಾ ಏನಂತ ಕೂಗಿದ್ರು? ನಿಂಗೆ ಕೇಳ್ಸಿದ ಹಾಗೇ ಹೇಳು.”

ಹೇಳಿದೆ. ಒಂದೇ ಉಸಿರಿಗೆ, ನಡುವೆ ತಡೆಯದೆ. ಆಯುಧ ಪೂಜೆಯ ನಂತರ ಕಾಕಾ ಆ ತಮಾಷೆ ಮಾಡಿಲ್ಲವೆಂಬುದನ್ನೂ ಹೇಳಿದೆ. ಅಮ್ಮ ಒಲೆ ಆರಿಸಿದಳು.

“ನಾನೂ ಅದನ್ನೇ ಹೇಳ್ತಿದ್ದೆ,” ಎಂದಳು. “ಮರ್ಯಾದೆ ಕೊಟ್ಟು ಹೇಳ್ತಿದ್ದೆ. ಪಾಪ, ಸಿಟ್ಟಲ್ಲಿ ಅವ್ರಿಗೆ ಕಿವಿ ಕೇಳ್ಸಲ್ಲ ಅಂತ ಅನ್ಕೊಂಡಿದ್ದೆ ಇಷ್ಟು ವರ್ಷ.”

ಆಗ ನಾನು ಮಿಕ್ಕದ್ದನ್ನೂ ಹೇಳಿದೆ. ಕೊರಕಲಿನಲ್ಲಿ ಅಪ್ಪ ಕಾಕಾನ ಕೆನ್ನೆಗೆ ಹೊಡೆದದ್ದು, ಕಾಕಾ ಗಂಟಲಿನೊಳಗೇ ಹೊಡೀಬ್ಯಾಡ ಎಂದದ್ದು, ಆ ಗಾಳಿ, ಆ ಆಲಿಕಲ್ಲಿನ ಸದ್ದಿನಲ್ಲೂ ಎತ್ತಿದ ಕೈ ಅಲ್ಲೇ ನಿಂತದ್ದು. ಅಪ್ಪನ ಪರವಾಗಿ ಒಂದು ಒಳ್ಳೆಯ ಮಾತು ಇರಲಿ ಎಂದೇ ಹೇಳಿದೆ.

ಅಮ್ಮ ಸೌಟನ್ನು ಕೆಳಗಿಟ್ಟಳು.

“ಹಾಗಾದ್ರೆ ಕೇಳ್ಸತ್ತೆ,” ಎಂದಳು.

ಆಮೇಲಿನ ದಿನಗಳಲ್ಲಿ ಅಮ್ಮ ಅಡಿಗೆ ಮಾಡಿದಳು, ನನ್ನ ಬಟ್ಟೆ ಮಡಿಸಿದಳು, ಮಡಿಸಿದ್ದನ್ನು ಬೀರುವಿನಲ್ಲಿಡದೆ ಚೀಲಕ್ಕೆ ತುಂಬಿದಳು. ಕಾಕಾನನ್ನು ಬಿಡುವ ದಿನ ಆಸ್ಪತ್ರೆಯಿಂದ ಫೋನ್ ಬಂದಾಗ, ಅಪ್ಪ ಕೀ ತೆಗೆದುಕೊಳ್ಳಲು ಎದ್ದ. ಕೀ ಅಮ್ಮನ ಕೈಯಲ್ಲಿತ್ತು. ಚೀಲಗಳು ಆಗಲೇ ಡಿಕ್ಕಿಯಲ್ಲಿದ್ದವು.

“ಎಲ್ಲಿಗಿ?” ಎಂದ ಅಪ್ಪ.

“ಆಸ್ಪತ್ರೆಗೆ. ಅಲ್ಲಿಂದ ಸ್ಯಾನ್ ಪೀಡ್ರೊಗ.”

ಅವಳು ‘ಗೆ’ ಎನ್ನಲಿಲ್ಲ, ‘ಗ’ ಎಂದಳು, ಅವನ ಹಾಗೆ. ಬೇಕೆಂದೇ ಅಂದಳೋ ಬಾಯಿ ತಪ್ಪಿ ಬಂತೋ ಗೊತ್ತಿಲ್ಲ. ನಾವು ಗ್ಯಾರೇಜಿನೊಳಗೆ ನಿಂತಿದ್ದ ಕಾರಿನಲ್ಲಿ ಕೂತೆವು. ಗ್ಯಾರೇಜಿನ ದೊಡ್ಡ ಬಾಗಿಲು ಮುಚ್ಚಿತ್ತು. ಅಪ್ಪ ಒಲೆಯ ಪಕ್ಕದ ಗೋಡೆಗೆ ಒರಗಿ ನಿಂತಿದ್ದ. ಅವನ ಬಲಗೈ ಎದ್ದಿತು. ಅಮ್ಮ ಕಣ್ಣು ಮುಚ್ಚಿದಳು. ಆ ಕೈ ಗೋಡೆಯ ಗುಂಡಿಯನ್ನು ಒತ್ತಿತು. ಬಾಗಿಲು ಕಿರುಗುಟ್ಟುತ್ತ ಮೇಲೆದ್ದು ಬಿಸಿಲು ಒಳಗೆ ಬಂತು.

ಆಸ್ಪತ್ರೆಯ ಬಾಗಿಲಲ್ಲಿ ಕಾಕಾ ತೋಳನ್ನು ಎದೆಗೆ ಕಟ್ಟಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತ. ಎಡಗೈಯ ಬೆರಳುಗಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು, ಇವತ್ತಿಗೂ ಮಡಚುವುದಿಲ್ಲ. ಅಂದಿನಿಂದ ರೊಟ್ಟಿ ಬಡಿಯುವುದು ನನ್ನ ಕೆಲಸ. ಊರೊಳಗಿನ ರಸ್ತೆಗಳಲ್ಲೇ ಸುತ್ತಿ ಸುತ್ತಿ ಅಮ್ಮ ಡೆಲ್ ಮಾರ್ ತನಕ ಬಂದಳು. ಮುಂದೆ ಬೇರೆ ದಾರಿ ಅವಳಿಗೆ ಗೊತ್ತಿರಲಿಲ್ಲ. ಫ್ರೀವೇ ರ‍್ಯಾಂಪಿನ ತುದಿಗೆ ಬಂದು ಕಾರು ನಿಂತುಬಿಟ್ಟಿತು. ಎಡಕ್ಕೆ ದೂರದಲ್ಲಿ ಸಮುದ್ರ, ಮುಂದೆ ಒಂದರ ಹಿಂದೊಂದು ಲಾರಿಗಳು. ಹಿಂದಿನವನು ಹಾರ್ನ್ ಬಾರಿಸಿದ, ಅವನ ಹಿಂದಿನವನೂ ಬಾರಿಸಿದ. ಅಮ್ಮನ ಅಂಗೈ ಸ್ಟಿಯರಿಂಗಿನ ಮೇಲೆ ಒದ್ದೆಯಾಗಿ ಹೊಳೆಯುತ್ತಿತ್ತು. ಕನ್ನಡಿಯಲ್ಲಿ ಅವಳ ಮುಖ ನೋಡಿ, ಅಪ್ಪನ ಅಭಿನಯ ನೆನಪಾಗಿ, ನನಗೆ ಅಳು ಬಂತು.

ಕಾಕಾ ಕತ್ತು ಹೊರಳಿಸಿ ಹಿಂದೆ ನೋಡಿದ. ಒಂದು ಲಾರಿ ದಾಟಲು ಬಿಟ್ಟ.

“ಹೊಡೀರಿ, ವೈನಿ,” ಎಂದ.

ಅಮ್ಮ ಹೊಡೆದಳು.